ಕೈತೋಟದ ನೀಲಗಿರಿ: ಎಳೆಯ ಬೇರು, ಹರಿತವಾದ ಕತ್ತರಿ

ನೀಲಗಿರಿಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ತುಂಬ ಸೂಜಿಮೊನೆಯಷ್ಟು ಸಣ್ಣ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಇವು ಎಣ್ಣೆಯ ಗ್ರಂಥಿಗಳು. ಎಲೆಯನ್ನು ಹಿಸುಕಿದೊಡನೆ ಗ್ರಂಥಿಗಳು ಒಡೆದು, ಎಣ್ಣೆಯಲ್ಲಿರುವ ಸಿನಿಯೋಲ್ ಎಂಬ ಸಂಯುಕ್ತ ಆವಿಯಾಗಿ ಮೂಗಿಗೆ ತಟ್ಟುತ್ತದೆ. ಎಲೆ ತಿನ್ನಲು ಬರುವ ಜೀವಿಗಳನ್ನು ದೂರವಿಡಲು ಮರಕ್ಕೆ ನೆರವಾಗುವ ಈ ಎಣ್ಣೆ ಮನುಷ್ಯರ ಹೊಟ್ಟೆ ಸೇರಿದರೆ ವಿಷವಾಗುತ್ತದೆ. ಜೊತೆಗೆ ಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕಾಳ್ಗಿಚ್ಚಿನ ಭಯವಿರುವ ಒಣ ಪ್ರದೇಶಗಳಲ್ಲಿ ಮನೆಯ ಪಕ್ಕ ಈ ಮರವನ್ನು ನೆಡಲೇಬಾರದು.

ನೀಲಗಿರಿ ಸೇರಿರುವ ಯೂಕಲಿಪ್ಟಸ್ ಕುಲದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಆಸ್ಟ್ರೇಲಿಯಾ ಮೂಲದವು. ಅವುಗಳಲ್ಲಿ ರೆಗ್ನಾನ್ಸ್ ಎಂಬುದು ಅಲ್ಲಿನ ಟಾಸ್ಮೇನಿಯಾ ದ್ವೀಪದಲ್ಲಿ 100 ಮೀಟರ್ ಎತ್ತರವನ್ನು ಮುಟ್ಟಿದೆ. ಬುಡದಿಂದಲೇ ಹಲವು ಕಾಂಡಗಳಾಗಿ ಪೊದೆಯಂತೆ ನಿಲ್ಲುವ ಪ್ರಭೇದಗಳೂ ಇವೆ. ಹಿಮ ಬೀಳುವ ಕಡೆಗೆ ಟಾಸ್ಮೇನಿಯಾದ್ದೇ ಆದ ಗನ್ನೈ ಒಗ್ಗುತ್ತದೆ. ನಿಂಬೆಯ ಪರಿಮಳ ಬೇಕೆನ್ನುವವರು ಹುಡುಕುವ ಸಿಟ್ರಿಯೊಡೋರಾವನ್ನು ಸಸ್ಯವಿಜ್ಞಾನಿಗಳು 1995ರಲ್ಲಿ ಕೊರಿಂಬಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಅದು ಬೆಚ್ಚನೆಯ ಹವೆಯನ್ನು ಬಯಸುತ್ತದೆ.

ಸಸಿಯನ್ನು ಆರಿಸುವಾಗ ಎತ್ತರಕ್ಕೆ ಮರುಳಾಗಬಾರದು. ಈ ಮರದ ಬೇರು ಬಹಳ ಬೇಗ ಬೆಳೆಯುವುದರಿಂದ, ಕುಂಡದಲ್ಲಿ ಹೆಚ್ಚು ಕಾಲ ಉಳಿದ ಸಸಿಯ ಬೇರುಗಳು ಗೋಡೆಗೆ ತಗುಲಿ ಸುತ್ತುಸುತ್ತಾಗಿ ಹೆಣೆದುಕೊಳ್ಳುತ್ತವೆ. ನೆಲಕ್ಕೆ ಹೋದ ಮೇಲೂ ಆ ಸುತ್ತು ಸುಲಭಕ್ಕೆ ಬಿಚ್ಚಿಕೊಳ್ಳದೆ, ಮೇಲೆ ಭಾರ ಹೆಚ್ಚಿದಂತೆ ಮರ ಗಾಳಿಗೆ ಉರುಳುತ್ತದೆ. ಸುಮಾರು 30 ಸೆಂಟಿಮೀಟರ್ ಎತ್ತರದ ಎಳೆಯ ಸಸಿಯನ್ನು, ಬೇರಿನ ಮಣ್ಣುಂಡೆ ಒಡೆಯದಂತೆ, ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ, ಕಟ್ಟಡದಿಂದಲೂ ಚರಂಡಿ ಕೊಳವೆಗಳಿಂದಲೂ ಸಾಕಷ್ಟು ದೂರಕ್ಕೆ ನೆಡುವುದೇ ಸರಿ. ಮೊದಲ ವರ್ಷ ನೀರು ತಪ್ಪಿಸಬಾರದು, ಬುಡದಲ್ಲಿ ಕಳೆ ಬೆಳೆಯಗೊಡಬಾರದು. ಸಾರಜನಕ ತುಂಬಿದ ಗೊಬ್ಬರ ಬೇಡ. ಅದರಿಂದ ಬೇರಿಗಿಂತ ತಲೆ ಭಾರವಾಗುತ್ತದೆ. ಆಸರೆಗೆ ಬಿಗಿಯಾಗಿ ಕೋಲು ಕಟ್ಟುವುದೂ ಬೇಡ, ಏಕೆಂದರೆ ಗಾಳಿಗೆ ತೂಗಾಡಿದಾಗಲೇ ಕಾಂಡ ದಪ್ಪವಾಗಿ ಗಟ್ಟಿಗೊಳ್ಳುತ್ತದೆ.

ಗನ್ನೈಯ ಎಳೆಯ ಎಲೆಗಳು ದುಂಡಗೆ, ತೊಟ್ಟಿಲ್ಲದೆ, ಜೋಡಿಜೋಡಿಯಾಗಿ, ಬೂದುನೀಲಿ ಮೇಣ ಹೊದ್ದು ಬರುತ್ತವೆ. ಮರ ಬಲಿತಂತೆ ಬರುವ ಎಲೆಗಳು ಉದ್ದವಾಗಿ ಕೆಳಕ್ಕೆ ಜೋತು ಬೀಳುತ್ತವೆ. ನಡುಹಗಲ ಬಿಸಿಲು ಅವುಗಳ ಅಂಚಿಗಷ್ಟೇ ತಾಗುವುದರಿಂದ ಎಲೆ ಕಾಯುವುದೂ ನೀರು ಆರುವುದೂ ಕಡಿಮೆ. ತೋಟಗಾರರಿಗೆ ಪ್ರಿಯವಾದ ಎಳೆಯ ಎಲೆಯನ್ನೇ ಮತ್ತೆ ಮತ್ತೆ ಪಡೆಯಲು ದಾರಿಯಿದೆ. ಬಹುತೇಕ ಪ್ರಭೇದಗಳ ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ, ಪಿಷ್ಟವನ್ನೂ ನಿದ್ರಿಸುವ ಮೊಗ್ಗುಗಳನ್ನೂ ಕೂಡಿಟ್ಟ ಗಂಟೊಂದು ಇರುತ್ತದೆ. ಕಾಡಿನಲ್ಲಿ ಬೆಂಕಿ ಮೇಲ್ಭಾಗವನ್ನು ಸುಟ್ಟರೂ ಮರ ಈ ಗಂಟಿನಿಂದ ಚಿಗುರುತ್ತದೆ. ಸಸಿ ಚೆನ್ನಾಗಿ ಬೇರೂರಿದ ಮೇಲೆ, ಚಳಿಗಾಲ ಮುಗಿಯುವ ಹೊತ್ತಿಗೆ ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿದರೆ, ಅದೇ ಸಾಮರ್ಥ್ಯದಿಂದ ಹತ್ತಾರು ಹೊಸ ಚಿಗುರುಗಳು ಎದ್ದು ಮರ ಪೊದೆಯ ಗಾತ್ರದಲ್ಲೇ ಉಳಿಯುತ್ತದೆ. ರೆಗ್ನಾನ್ಸ್‌ಗೆ ಈ ಗಂಟಿಲ್ಲದ ಕಾರಣ ಅದನ್ನು ಹೀಗೆ ಕತ್ತರಿಸುವಂತಿಲ್ಲ.

ವರ್ಷವರ್ಷವೂ ಕತ್ತರಿಸಿದ ಗಿಡದಲ್ಲಿ ಹೂವನ್ನು ನಿರೀಕ್ಷಿಸುವಂತಿಲ್ಲ, ಏಕೆಂದರೆ ಹೂ ಬಿಡುವುದು ಸಾಮಾನ್ಯವಾಗಿ ಬಲಿತ ರೆಂಬೆಗಳಲ್ಲಿ. ಎಲೆ ಬೇಕೋ, ಹೂ ಬೇಕೋ ಎಂಬುದನ್ನು ಮೊದಲ ಕೆಲವು ವರ್ಷಗಳಲ್ಲೇ ತೀರ್ಮಾನಿಸಬೇಕು; ಕೈಗೆಟುಕದಷ್ಟು ಎತ್ತರಕ್ಕೆ ಹೋದ ಮರವನ್ನು ಇಳಿಸುವುದು ನುರಿತ ಮರ ಕಡಿಯುವವರ ಕೆಲಸ.