ಗೇಟ್‌ವೇ ಹಾಕುವುದು, ಬದಲಿಸುವುದು: ಒರಾಕಲ್‌ನಿಂದ ಮೈನ್‌ಫ್ರೇಮ್ ಡಿಬಿ2ವರೆಗೆ

ಭಾನುವಾರ ಬೆಳಿಗ್ಗೆ ಹಾಸನದಲ್ಲಿ ನಾವು ಐದಾರು ಜನ ಒಂದು ಮನೆಯ ಮಹಡಿಯಲ್ಲಿ ಸೇರಿ ಓದುತ್ತೇವೆ. ಇಬ್ಬರು ಇನ್ನೂ ಕೆಲಸ ಹುಡುಕುತ್ತಿದ್ದಾರೆ. ಮಿಕ್ಕವರು ಬೆಂಗಳೂರಿನ ಕೆಲಸವನ್ನು ಇಲ್ಲೇ ಕೂತು ಮಾಡುವವರು. ಹೋದ ವಾರ ಪಾಠ ಮಾಡುವ ಸರದಿ ನನ್ನದಿತ್ತು. ವಿಷಯ, ಒರಾಕಲ್ ಡೇಟಾಬೇಸಿನಿಂದ ಮೈನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನ ಡಿಬಿ2 ಡೇಟಾಬೇಸನ್ನು ಓದಿಸುವ ಗೇಟ್‌ವೇ. ಅರ್ಧಕ್ಕೆ ಕರೆಂಟ್ ಹೋಯಿತು, ಕಾಫಿ ಬಂತು, ಮಾತು ಕಾಳುಮೆಣಸಿನ ರೇಟಿಗೆ ಹೊರಳಿತು. ಹಾಗಾಗಿ ಹೇಳಿದ್ದನ್ನೂ ಬಿಟ್ಟಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಒರಾಕಲ್‌ನಲ್ಲಿ ಒಂದು ಸೆಲೆಕ್ಟ್ ಬರೆಯಲು ಬಂದರೆ, ಡಿಬಿ ಲಿಂಕ್ (ಒಂದು ಡೇಟಾಬೇಸಿನಿಂದ ಇನ್ನೊಂದನ್ನು ಮುಟ್ಟುವ ಕೊಂಡಿ) ಅನ್ನುವ ಹೆಸರು ಕೇಳಿದ್ದರೆ ಸಾಕು. ಮೈನ್‌ಫ್ರೇಮ್ ನೋಡಿಲ್ಲ ಅಂತ ಹಿಂಜರಿಯಬೇಡಿ. ನಾನೂ ಅದರ ಪೆಟ್ಟಿಗೆಯನ್ನು ಕಣ್ಣಾರೆ ಕಂಡಿಲ್ಲ.

ಗೇಟ್‌ವೇ ಯಾಕೆ ಬೇಕು? ದೊಡ್ಡ ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳ ಹಳೆಯ ಲೆಕ್ಕ ಐಬಿಎಂ ಮೈನ್‌ಫ್ರೇಮ್‌ನ ಡಿಬಿ2ನಲ್ಲಿ ಇರುತ್ತದೆ. ಡಿಬಿ2 ಅನ್ನು ಐಬಿಎಂ ಪ್ರಕಟಿಸಿದ್ದು 1983ರಲ್ಲಿ. ಅಂದಿನಿಂದ ಕೂಡುತ್ತಾ ಬಂದ ದತ್ತಾಂಶವನ್ನು ಯಾರೂ ಸುಮ್ನೆ ಎತ್ತಿ ಬೇರೆ ಕಡೆ ಹಾಕುವುದಿಲ್ಲ. ಆದರೆ ಹೊಸ ವರದಿ, ಹೊಸ ಆ್ಯಪ್ ಎಲ್ಲ ಒರಾಕಲ್ ಮೇಲೆ ನಡೆಯುತ್ತಿರುತ್ತವೆ. ರಾತ್ರಿ ಫೈಲ್ ಕಳಿಸಿ ಬೆಳಿಗ್ಗೆ ಲೋಡ್ ಮಾಡುವುದು ಒಂದು ದಾರಿ. ಈ ಕ್ಷಣದ ಬ್ಯಾಲೆನ್ಸ್ ಬೇಕಾದರೆ ಆ ದಾರಿ ಸಾಲದು. ಆಗ ನಡುವೆ ಗೇಟ್‌ವೇ ಬರುತ್ತದೆ.

ಡಿಬಿ2 ಹೊರಗಿನವರ ಜೊತೆ ಡಿಆರ್‌ಡಿಎ ಅನ್ನುವ ಐಬಿಎಂ ನಿಯಮಾವಳಿಯಲ್ಲಿ ಮಾತಾಡುತ್ತದೆ. ಗೇಟ್‌ವೇ ಒಂದು ಕಡೆ ಒರಾಕಲ್ ಮಾತು ಕೇಳಿ, ಇನ್ನೊಂದು ಕಡೆ ಡಿಆರ್‌ಡಿಎ ಮಾತಾಡುತ್ತದೆ. ಮೈನ್‌ಫ್ರೇಮ್ ಕಡೆ ಒರಾಕಲ್‌ನ ಯಾವ ಸಾಫ್ಟ್‌ವೇರನ್ನೂ ಹಾಕಬೇಕಿಲ್ಲ. ಇದು ಗೊತ್ತಿದ್ದರೆ ಅಲ್ಲಿಯ ತಂಡದ ಜೊತೆಗಿನ ಮೊದಲ ಮೀಟಿಂಗ್‌ನಲ್ಲೇ ಅರ್ಧ ಜಗಳ ತಪ್ಪುತ್ತದೆ. ಒರಾಕಲ್‌ನ 10ಜಿ ಆವೃತ್ತಿಯ ಕಾಲದಲ್ಲಿ ಇದರ ಹೆಸರು ಟ್ರಾನ್ಸ್‌ಪರೆಂಟ್ ಗೇಟ್‌ವೇ ಅಂತಿತ್ತು, 11ಜಿಯಿಂದ ಡೇಟಾಬೇಸ್ ಗೇಟ್‌ವೇ ಆಯಿತು. ಹಳೆಯ ಕಾಗದಪತ್ರ ಓದುವಾಗ ಎರಡೂ ಹೆಸರು ಸಿಗುತ್ತವೆ, ಗೊಂದಲ ಬೇಡ.

ಈಗ ದಾರಿ. ಇದನ್ನು ಒಂದು ಸಲ ಕೈಯಲ್ಲೇ ಬರೆದುಕೊಳ್ಳಿ. ಒರಾಕಲ್‌ನಲ್ಲಿರುವ ಡಿಬಿ ಲಿಂಕ್ ಒಂದು ಅಡ್ಡಹೆಸರನ್ನು ಹಿಡಿದಿರುತ್ತದೆ. ಆ ಅಡ್ಡಹೆಸರಿನ ವಿಳಾಸ ಟಿಎನ್ಎಸ್‌ನೇಮ್ಸ್ ಫೈಲಿನಲ್ಲಿದೆ. ಆ ವಿಳಾಸದಲ್ಲಿ ಗೇಟ್‌ವೇ ಯಂತ್ರದ ಲಿಸನರ್, ಅಂದರೆ ಬರುವ ಕರೆ ಕೇಳಿಸಿಕೊಳ್ಳುವ ಪ್ರೋಗ್ರಾಮು, ಕಾದು ಕೂತಿದೆ. ಅದು ಡಿಜಿ4ಡಿಆರ್‌ಡಿಎ ಅನ್ನುವ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಆ ಪ್ರೋಗ್ರಾಮು ತನ್ನ ಸೆಟ್ಟಿಂಗ್ ಬರೆದಿರುವ ಇನಿಟ್ ಫೈಲ್ ಓದಿ, ಡಿಬಿ2 ಎಲ್ಲಿದೆ ಅಂತ ತಿಳಿದು, ನೆಟ್‌ವರ್ಕ್ ದಾಟಿ ಮೈನ್‌ಫ್ರೇಮ್‌ನ ಡಿಡಿಎಫ್ ಬಳಿ ಹೋಗುತ್ತದೆ. ಡಿಡಿಎಫ್ ಅಂದರೆ ಹೊರಗಿನಿಂದ ಬಂದವರನ್ನು ಒಳಗೆ ಬಿಟ್ಟುಕೊಳ್ಳುವ ಡಿಬಿ2ನದೇ ಭಾಗ. ಅಲ್ಲಿಂದ ಆಚೆ ಟೇಬಲ್. ಇನ್‌ಸ್ಟಾಲ್ ಇರಲಿ, ಅಪ್‌ಗ್ರೇಡ್ ಇರಲಿ, ಕೆಟ್ಟಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಎಲ್ಲಿಯವರೆಗೆ ಹೋಗಿ ನಿಂತಿದೆ?

ಇನ್‌ಸ್ಟಾಲರ್ ಓಡಿಸುವುದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಗೇಟ್‌ವೇಗೆ ಅದರದೇ ಒರಾಕಲ್ ಹೋಮ್ (ಸಾಫ್ಟ್‌ವೇರ್ ಕೂರುವ ಫೋಲ್ಡರ್) ಕೊಡಿ, ಡೇಟಾಬೇಸಿನ ಹೋಮಿಗೆ ತುರುಕಬೇಡಿ. ಇನ್‌ಸ್ಟಾಲರ್ ನಾಲ್ಕು ವಿಷಯ ಕೇಳುತ್ತದೆ: ಡಿಬಿ2 ಇರುವ ಯಂತ್ರದ ವಿಳಾಸ, ಪೋರ್ಟ್, ಡೇಟಾಬೇಸಿನ ಹೆಸರು, ಯಾವ ಬಗೆಯ ಡಿಬಿ2 ಅನ್ನುವುದು. ಮೈನ್‌ಫ್ರೇಮ್ ಆದರೆ ಅದರ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು, ಝಡ್‌ಒಎಸ್ ಅಂತ ಕೊಡಬೇಕು. ಕೊನೆಗೆ ರೂಟ್ ಸ್ಕ್ರಿಪ್ಟ್ ಓಡಿಸಿದರೆ ಆಯಿತು.

ಆ ನಾಲ್ಕು ಉತ್ತರ ಎಲ್ಲಿಂದ ತರುವುದು? ಊಹೆ ಮಾಡಬೇಡಿ. ಡೇಟಾಬೇಸಿನ ಹೆಸರು ಅಂದಾಗ ಮೈನ್‌ಫ್ರೇಮ್‌ನಲ್ಲಿ ಅದು ಲೊಕೇಶನ್ ಹೆಸರು. ಅಲ್ಲಿಯ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಡಿಸ್‌ಪ್ಲೇ ಡಿಡಿಎಫ್ ಅನ್ನುವ ಕಮಾಂಡ್ ಕೊಟ್ಟರೆ ಲೊಕೇಶನ್ ಹೆಸರು, ಟಿಸಿಪಿ ಪೋರ್ಟ್ ಎರಡೂ ಒಂದೇ ಪರದೆಯಲ್ಲಿ ಬರುತ್ತವೆ. ಡಿಆರ್‌ಡಿಎಗೆ ರೂಢಿಯ ಪೋರ್ಟ್ 446. ಆದರೆ ಒಂದೇ ಮೈನ್‌ಫ್ರೇಮ್‌ನಲ್ಲಿ ಹಲವು ಡಿಬಿ2 ಇದ್ದರೆ ಪೋರ್ಟುಗಳೂ ಬೇರೆ ಬೇರೆ. ಆ ಪರದೆಯ ಚಿತ್ರವನ್ನೇ ಕಳಿಸಿ ಅಂತ ಕೇಳಿ. ಬಾಯಿಮಾತಿನಲ್ಲಿ ಬಂದ ಪೋರ್ಟ್ ನಂಬಿ ನಾನು ಒಂದು ಮಧ್ಯಾಹ್ನ ಕಳೆದುಕೊಂಡಿದ್ದೇನೆ.

ಫೈರ್‌ವಾಲ್ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಹಾಕಿ. ಕೆಲವು ಕಡೆ ಅದು ನಮ್ಮ ಹಾಸನಾಂಬೆಯ ಬಾಗಿಲಿದ್ದ ಹಾಗೆ. ಅಮ್ಮನದಾದರೂ ದೀಪಾವಳಿ ಹೊತ್ತಿಗೆ ತೆರೆಯುತ್ತದೆ ಅಂತ ಗೊತ್ತಿರುತ್ತದೆ.

ಇನ್ನು ಮೂರು ಫೈಲ್. ಹೆಚ್ಚಿನ ತಪ್ಪು ಹುಟ್ಟುವುದು ಇಲ್ಲೇ, ಅದಕ್ಕೇ ನಿಧಾನವಾಗಿ ನೋಡೋಣ.

ಲಿಸನರ್ ಫೈಲಿನಲ್ಲಿ ಮೂರು ಮಾಹಿತಿ ಹೋಗಬೇಕು: ಎಸ್ಐಡಿ (ಈ ಗೇಟ್‌ವೇಗೆ ನಾವಿಡುವ ಗುರುತಿನ ಹೆಸರು), ಗೇಟ್‌ವೇ ಹೋಮಿನ ದಾರಿ, ಪ್ರೋಗ್ರಾಮಿನ ಹೆಸರು. ಡೇಟಾಬೇಸಿನ ಲಿಸನರ್ ಅದೇ ಯಂತ್ರದಲ್ಲಿ ಪೋರ್ಟ್ 1521 ಹಿಡಿದಿದ್ದರೆ ಇದಕ್ಕೆ 1522 ಕೊಡಿ. ಆಮೇಲೆ ಲಿಸನರ್ ಸ್ಟೇಟಸ್ ನೋಡಿದರೆ ನಮ್ಮ ಎಸ್ಐಡಿ ಮುಂದೆ ಅನ್‌ನೋನ್ ಅಂತ ಬರುತ್ತದೆ. ಹೊಸಬರೆಲ್ಲ ಇಲ್ಲಿ ಹೆದರುತ್ತಾರೆ. ಹೆದರಬೇಕಾದ್ದಿಲ್ಲ. ಡೇಟಾಬೇಸ್ ತಾನಾಗಿ ಬಂದು ಲಿಸನರ್ ಬಳಿ ಹೆಸರು ಬರೆಸಿಕೊಂಡರೆ ರೆಡಿ ಅಂತ ತೋರಿಸುತ್ತದೆ. ಗೇಟ್‌ವೇಯ ಹೆಸರನ್ನು ಬರೆದಿಟ್ಟವರು ನಾವು. ಅದು ಎದ್ದಿದೆಯೋ ಇಲ್ಲವೋ ಲಿಸನರ್‌ಗೆ ಗೊತ್ತಿಲ್ಲ, ಅದನ್ನೇ ಅದು ಪ್ರಾಮಾಣಿಕವಾಗಿ ಹೇಳುತ್ತಿದೆ.

ಟಿಎನ್ಎಸ್‌ನೇಮ್ಸ್ ಫೈಲ್ ಡೇಟಾಬೇಸ್ ಯಂತ್ರದಲ್ಲಿ ಇರಬೇಕು, ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ. ಅದರಲ್ಲಿ ಎಚ್ಎಸ್ ಸಮ ಓಕೆ ಅನ್ನುವ ಪುಟ್ಟ ಸಾಲೊಂದು ಬೇಕು. ಆಚೆ ಕಡೆ ಇರುವುದು ಒರಾಕಲ್ ಅಲ್ಲ ಅನ್ನುವ ಸೂಚನೆ ಅದು. ಆ ಸಾಲು ಕನೆಕ್ಟ್ ಡೇಟಾ ಆವರಣದ ಹೊರಗೆ, ಡಿಸ್ಕ್ರಿಪ್ಶನ್ ಆವರಣದ ಒಳಗೆ ಇರಬೇಕು. ಒಂದು ಆವರಣ ಚಿಹ್ನೆ ಆಚೀಚೆ ಆದರೆ ಓರಾ-28545 ಅನ್ನುವ ದೋಷ ಬಂದು ಕೂರುತ್ತದೆ. ಸಂದೇಶದಲ್ಲಿ ಎಲ್ಲೂ ಆವರಣದ ಮಾತೇ ಇರುವುದಿಲ್ಲ, ಅದೇ ತಮಾಷೆ.

ಇನಿಟ್ ಫೈಲಿನ ಹೆಸರು ಎಸ್ಐಡಿಗೆ ಹೊಂದಬೇಕು. ಎಸ್ಐಡಿ ಬದಲಿಸಿದರೆ ಫೈಲಿನ ಹೆಸರನ್ನೂ ಬದಲಿಸಿ. ಎರಡು ಡಿಬಿ2 ಇದ್ದರೆ ಎರಡು ಎಸ್ಐಡಿ, ಎರಡು ಇನಿಟ್ ಫೈಲ್. ಪ್ರೋಗ್ರಾಮ್ ಮಾತ್ರ ಒಂದೇ.

ಡಿಬಿ ಲಿಂಕ್ ಮಾಡುವಾಗ ಯೂಸರ್ ಹೆಸರು, ಪಾಸ್‌ವರ್ಡ್ ಎರಡನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಮೈನ್‌ಫ್ರೇಮ್‌ನಲ್ಲಿ ಬಾಗಿಲು ಕಾಯುವುದು ಸಾಮಾನ್ಯವಾಗಿ ರಾಕ್‌ಎಫ್ ಅನ್ನುವ ಭದ್ರತಾ ಸಾಫ್ಟ್‌ವೇರ್. ಅದರ ಹಳೆಯ ಪದ್ಧತಿ ಹೆಚ್ಚೆಂದರೆ ಎಂಟು ಅಕ್ಷರದ, ಎಲ್ಲ ದೊಡ್ಡಕ್ಷರದ ಪಾಸ್‌ವರ್ಡ್. ಚಿಕ್ಕಕ್ಷರ ಬೆರೆಸಲು ಬಿಡುವ ಕಡೆಯೂ ಇವೆ. ನಿಮ್ಮ ಕಡೆ ಯಾವುದು ಅಂತ ಮೊದಲೇ ಕೇಳಿ. ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟು ಯೂಸರ್ ಲಾಕ್ ಆದರೆ, ಬಿಡಿಸಿಕೊಳ್ಳಲು ಹಿಡಿಯುವ ಹೊತ್ತು ಇನ್‌ಸ್ಟಾಲ್‌ಗಿಂತ ಜಾಸ್ತಿ.

ಮೊದಲ ಪರೀಕ್ಷೆಗೆ ದೊಡ್ಡ ಟೇಬಲ್ ಮುಟ್ಟಬೇಡಿ. ಒರಾಕಲ್‌ಗೆ ಡ್ಯುಯಲ್ ಇದ್ದ ಹಾಗೆ ಡಿಬಿ2ಗೆ ಸಿಸ್‌ಡಮ್ಮಿ1 ಇದೆ, ಸಿಸ್‌ಐಬಿಎಂ ಸ್ಕೀಮಾದಲ್ಲಿ. ಒಂದೇ ಸಾಲಿನ ಟೇಬಲ್. ಅದರಿಂದ ಒಂದು ಅಕ್ಷರ ಬಂದರೂ ದಾರಿ ಪೂರ್ತಿ ತೆರೆದಿದೆ ಅಂತ ಅರ್ಥ. ಟಿಎನ್ಎಸ್ ಪಿಂಗ್ ಓಕೆ ಬಂತು ಅಂತ ಸಿಹಿ ಹಂಚಬೇಡಿ. ಅದು ನೋಡುವುದು ಲಿಸನರ್ ಮನೆಯಲ್ಲಿದೆಯೇ ಅಂತ ಮಾತ್ರ.

ಬರದಿದ್ದರೆ ಎಲ್ಲಿ ನಿಂತಿದೆ? ಓರಾ-12154 ಅಂದರೆ ಅಡ್ಡಹೆಸರೇ ಸಿಕ್ಕಿಲ್ಲ, ಮನೆಯಿಂದಲೇ ಹೊರಟಿಲ್ಲ. ಓರಾ-12541 ಅಂದರೆ ಅಲ್ಲಿ ಲಿಸನರ್ ಇಲ್ಲ. 28545 ಅಂದರೆ ಲಿಸನರ್‌ನಿಂದ ಗೇಟ್‌ವೇ ಪ್ರೋಗ್ರಾಮಿಗೆ ಹೋಗುವಲ್ಲಿ ಎಡವಿದೆ. 28500 ಬಂದರೆ ಒಂದು ರೀತಿಯಲ್ಲಿ ಖುಷಿ ಪಡಿ. ಗೇಟ್‌ವೇ ಎದ್ದಿದೆ, ಆಚೆಯ ಮಾತನ್ನು ತಂದು ಒಪ್ಪಿಸುತ್ತಿದೆ. ಅದರ ಕೆಳಗಿನ ಸಾಲಿನಲ್ಲಿ ನಿಜವಾದ ಕಾರಣ ಇರುತ್ತದೆ. ಅಲ್ಲೂ ತಿಳಿಯದಿದ್ದರೆ ಇನಿಟ್ ಫೈಲಿನಲ್ಲಿ ಟ್ರೇಸ್ ಲೆವೆಲ್ಲನ್ನು ಡೀಬಗ್‌ಗೆ ಏರಿಸಿ, ಹೊಸ ಸೆಶನ್ ತೆರೆದು, ಗೇಟ್‌ವೇಯ ಲಾಗ್ ಫೋಲ್ಡರ್ ನೋಡಿ. ಕೆಲಸ ಮುಗಿದ ಮೇಲೆ ಇಳಿಸುವುದು ಮರೆಯಬೇಡಿ, ಡಿಸ್ಕ್ ತುಂಬುತ್ತದೆ.

ಡಿಬಿ2ನಿಂದ ಬರುವ ಎರಡು ನಂಬರ್ ಬಾಯಿಪಾಠ ಆಗಲಿ. ಮೈನಸ್ 805, ಮೈನಸ್ 551. ಗೇಟ್‌ವೇ ತನ್ನ ಎಸ್‌ಕ್ಯುಎಲ್ ನಡೆಸಲು ಡಿಬಿ2 ಒಳಗೆ ಪ್ಯಾಕೇಜ್ ಅನ್ನುವುದನ್ನು ಬೈಂಡ್ ಮಾಡಿ, ಅಂದರೆ ಮೊದಲೇ ಸಿದ್ಧಪಡಿಸಿ, ಇಟ್ಟಿರಬೇಕು. ಪ್ಯಾಕೇಜೇ ಇಲ್ಲದಿದ್ದರೆ 805. ಪ್ಯಾಕೇಜ್ ಇದೆ, ಅದನ್ನು ಓಡಿಸುವ ಹಕ್ಕು ನಿಮ್ಮ ಯೂಸರ್‌ಗೆ ಇಲ್ಲದಿದ್ದರೆ 551. ಒರಾಕಲ್ ಬಿಟ್ಟಿದೆ, ನೆಟ್‌ವರ್ಕ್ ಬಿಟ್ಟಿದೆ, ಪಾಸ್‌ವರ್ಡೂ ಸರಿಯಿದೆ, ಆದರೂ ಸಾಲು ಬರುತ್ತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಬೈಂಡ್ ಮಾಡುವ ಅಧಿಕಾರ ಇರುವ ಯೂಸರ್‌ನಿಂದ ಒಮ್ಮೆ ಬೈಂಡ್ ಮಾಡಿಸಿ, ಉಳಿದವರಿಗೆ ಓಡಿಸುವ ಹಕ್ಕನ್ನು ಡಿಬಿ2 ಡಿಬಿಎ ಕೈಯಿಂದ ಕೊಡಿಸಬೇಕು.

ಸಾಲು ಬರತೊಡಗಿತು ಅಂದುಕೊಳ್ಳಿ. ಬಂದ ಸಾಲು ಸರಿಯಿದೆಯಾ? ನಮ್ಮ ಗುಂಪಿನಲ್ಲಿ ಮೈನ್‌ಫ್ರೇಮಿನ ಹಳೆಯ ಭಾಷೆ ಕೋಬಾಲ್ ಬರೆದು ಪಳಗಿದ ಅಕ್ಕ ಒಬ್ಬರಿದ್ದಾರೆ. ಅವರು ನನ್ನ ಪುಸ್ತಕ ಎಳೆದುಕೊಂಡು ಪೆನ್ಸಿಲ್‌ನಲ್ಲಿ ಬರೆದರು: ಸಿ8, ಸಿ1, ಇ2, ಇ2, ಸಿ1, ಡಿ5, 40, 40, 40, 40. "ಇದೇನು ಹೇಳು ನೋಡೋಣ" ಅಂದರು. ನಾನು ಮಿಕಿಮಿಕಿ ನೋಡಿದೆ. "ನಮ್ಮೂರು ಕಣೋ!" ಅಂದರು.

ಮೈನ್‌ಫ್ರೇಮ್ ಎಬ್ಸಿಡಿಕ್ ಲಿಪಿಸಂಕೇತ ಬಳಸುತ್ತದೆ. ಅದರಲ್ಲಿ ಇಂಗ್ಲಿಷಿನ ಹಾಸನ್ ಆರು ಅಕ್ಷರ, ಹತ್ತು ಅಕ್ಷರದ ಕಾಲಮ್ಮಿನಲ್ಲಿ ಉಳಿದ ನಾಲ್ಕು ಖಾಲಿ ಜಾಗ. ಎಬ್ಸಿಡಿಕ್‌ನಲ್ಲಿ ಖಾಲಿ ಜಾಗದ ಸಂಕೇತ ಹೆಕ್ಸಾಡೆಸಿಮಲ್ ಲೆಕ್ಕದ 40. ಅದೇ 40 ನಮ್ಮ ಮಾಮೂಲಿ ಕಂಪ್ಯೂಟರಿನ ಆಸ್ಕಿ ಸಂಕೇತದಲ್ಲಿ ಇಮೇಲ್ ವಿಳಾಸದ ನಡುವೆ ಬರುವ ಅಟ್ ಚಿಹ್ನೆ. ಮಾಮೂಲಿ ಕಾಲಮ್ಮುಗಳನ್ನು ಗೇಟ್‌ವೇ ಪರಿವರ್ತಿಸಿಯೇ ಕೊಡುತ್ತದೆ. ಆದರೆ ಡಿಬಿ2ನಲ್ಲಿ ಫಾರ್ ಬಿಟ್ ಡೇಟಾ ಅಂತ ಗುರುತು ಹಾಕಿದ ಕಾಲಮ್ ಹಾಗೇ ಬೈಟುಗಳಾಗಿ ಬರುತ್ತದೆ. ಯಾರೋ ಅದನ್ನು ಅಕ್ಷರ ಅಂತ ಓದಿಸಿದರೆ ಹೆಸರಿನ ಹಿಂದೆ ಸಾಲಾಗಿ ಅಟ್ ಚಿಹ್ನೆಗಳು ನಿಲ್ಲುತ್ತವೆ. ಅದನ್ನು ನೋಡಿದ ತಕ್ಷಣ ರೋಗ ಗೊತ್ತಾಗಬೇಕು.

ಇನ್ನೂ ನವಿರಾದ ತೊಂದರೆ ವಿಂಗಡಣೆಯದು. ಕಾಫಿ ಲಾಟುಗಳಿಗೆ ಮೂರು ಸಂಕೇತ ಕೊಟ್ಟಿದ್ದೀರಿ ಅನ್ನಿ. ಒಂದು ಅಂಕಿಯಿಂದ, ಒಂದು ದೊಡ್ಡ ಎಯಿಂದ, ಒಂದು ಚಿಕ್ಕ ಎಯಿಂದ ಶುರು. ಆಸ್ಕಿ ಕ್ರಮದಲ್ಲಿ ಮೊದಲು ಅಂಕಿ, ಆಮೇಲೆ ದೊಡ್ಡಕ್ಷರ, ಕೊನೆಗೆ ಚಿಕ್ಕಕ್ಷರ. ಎಬ್ಸಿಡಿಕ್‌ನಲ್ಲಿ ಪೂರ್ತಿ ಉಲ್ಟಾ: ಚಿಕ್ಕಕ್ಷರ, ದೊಡ್ಡಕ್ಷರ, ಕೊನೆಗೆ ಅಂಕಿ. ಅಂದರೆ ಆರ್ಡರ್ ಬೈ ಯಾವ ಕಡೆ ನಡೆಯಿತು ಅನ್ನುವುದರ ಮೇಲೆ ವರದಿಯ ಸಾಲುಗಳು ಅದಲುಬದಲಾಗುತ್ತವೆ. ಅಪ್‌ಗ್ರೇಡ್ ಆದ ಮೇಲೆ "ಎಣಿಕೆ ಸರಿಯಿದೆ, ಕ್ರಮ ಬೇರೆ" ಅಂತ ದೂರು ಬಂದರೆ ಮೊದಲ ಅನುಮಾನ ಇಲ್ಲಿರಲಿ.

ಜೊತೆಗೆ ಎರಡು ಚಿಕ್ಕ ವಿಷಯ. ಡಿಬಿ2ಗೆ ಖಾಲಿ ಸ್ಟ್ರಿಂಗ್ ಬೇರೆ, ನಲ್ (ಬೆಲೆಯೇ ಇಲ್ಲದ್ದು) ಬೇರೆ. ಒರಾಕಲ್‌ಗೆ ಎರಡೂ ಒಂದೇ. ಹಾಗೆಯೇ ಡಿಬಿ2ನ ಡೇಟ್‌ನಲ್ಲಿ ದಿನಾಂಕ ಮಾತ್ರ ಇರುತ್ತದೆ, ಒರಾಕಲ್ ಡೇಟ್‌ನಲ್ಲಿ ಗಂಟೆ ನಿಮಿಷವೂ ಇರುತ್ತದೆ. ಹೋಲಿಸುವಾಗ ಕೈ ಕೊಡುತ್ತದೆ.

ಅಪ್‌ಗ್ರೇಡ್‌ಗೆ ಬರೋಣ. ಹಳೆಯದರ ಮೇಲೆ ಹೊಸದನ್ನು ಹಾಕಬೇಡಿ. ಹೊಸ ಹೋಮ್, ಹೊಸ ಲಿಸನರ್, ಹೊಸ ಪೋರ್ಟ್. ಹಳೆಯದು ಪಕ್ಕದಲ್ಲೇ ಓಡುತ್ತಿರಲಿ. ಟಿಎನ್ಎಸ್‌ನೇಮ್ಸ್‌ನಲ್ಲಿ ಹೊಸದಕ್ಕೆ ಬೇರೆ ಅಡ್ಡಹೆಸರು ಕೊಟ್ಟು, ಅದರ ಮೇಲೆ ಪರೀಕ್ಷೆಯ ಲಿಂಕ್ ಮಾಡಿ ವಾರವಿಡೀ ಹಿಂಡಿ. ಬದಲಾವಣೆಯ ರಾತ್ರಿ ಮಾಡುವ ಕೆಲಸ ಒಂದೇ: ಹಳೆಯ ಅಡ್ಡಹೆಸರಿನ ಕೆಳಗಿನ ವಿಳಾಸವನ್ನು ಹೊಸ ಪೋರ್ಟಿಗೆ ತಿರುಗಿಸುವುದು. ಲಿಂಕುಗಳನ್ನು ಅಳಿಸಿ ಮತ್ತೆ ಮಾಡುವ ಗೋಜಿಲ್ಲ. ಅವು ಹಿಡಿದಿರುವುದು ಅಡ್ಡಹೆಸರನ್ನು ತಾನೆ? ವಾಪಸ್ ಹೋಗಬೇಕಾದರೂ ಅದೇ ಒಂದು ಸಾಲು.

ಇನಿಟ್ ಫೈಲನ್ನು ಕುರುಡಾಗಿ ಕಾಪಿ ಮಾಡಬೇಡಿ. 10ಜಿ ಕಾಲದ ಗೇಟ್‌ವೇಯಲ್ಲಿ ಪ್ಯಾರಾಮೀಟರ್ ಹೆಸರುಗಳು ಡಿಆರ್‌ಡಿಎ ಅಂತ ಶುರುವಾಗುತ್ತಿದ್ದವು, 11ಜಿಯಿಂದ ಎಚ್ಎಸ್ ಎಫ್‌ಡಿಎಸ್ ಅಂತ ಆದವು. ಲಿಸನರ್‌ನಲ್ಲಿರುವ ಪ್ರೋಗ್ರಾಮಿನ ಹೆಸರೂ ಬದಲಾಗಿದೆ. ಹೊಸ ಹೋಮ್ ಜೊತೆ ಬಂದ ಮಾದರಿ ಫೈಲ್ ತೆರೆದುಕೊಂಡು, ಹಳೆಯದರಿಂದ ಒಂದೊಂದೇ ಬೆಲೆಯನ್ನು ದಾಟಿಸಿ. ಹೊಸ ಗೇಟ್‌ವೇಗೆ ಹೊಸ ಪ್ಯಾಕೇಜ್ ಬೇಕಾಗಬಹುದು ಅನ್ನುವುದನ್ನೂ ಮರೆಯಬೇಡಿ. ಪರೀಕ್ಷೆಯ ಯೂಸರ್‌ಗೆ ಎಲ್ಲ ಹಕ್ಕೂ ಇರುತ್ತದೆ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಆ್ಯಪ್ ಬಳಸುವ ಯೂಸರ್‌ನಿಂದಲೇ ಒಂದು ಸಲ ಓಡಿಸಿ ನೋಡಿ.

ನಾನು ಎಡವಿದ್ದು ಬೇರೆ ಕಡೆ. ಶನಿವಾರ ರಾತ್ರಿ ಎಲ್ಲ ಸರಿಯಾಗಿ ಮುಗಿಸಿ ಮಲಗಿದೆ. ಭಾನುವಾರ ಆ ಯಂತ್ರಕ್ಕೆ ಪ್ಯಾಚ್ ಹಾಕಿ ರೀಬೂಟ್ ಮಾಡಿದರು. ಯಂತ್ರ ಏಳುವಾಗ ಲಿಸನರ್ ಎಬ್ಬಿಸುವ ಸ್ಕ್ರಿಪ್ಟಿನಲ್ಲಿ ಇನ್ನೂ ಹಳೆಯ ಹೋಮೇ ಇತ್ತು. ಹಳೆಯ ಲಿಸನರ್ ನಿಯತ್ತಾಗಿ ಎದ್ದು ಕೂತಿತು. ಹೊಸದನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಓರಾ-12541ರ ಮಳೆ. ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಅಪ್‌ಗ್ರೇಡ್ ಮುಗಿದ ಮೇಲೆ ನಾನೇ ನಿಂತು ಒಮ್ಮೆ ರೀಬೂಟ್ ಮಾಡಿಸುತ್ತೇನೆ.

ಹಳೆಯ ಹೋಮನ್ನು ಒಂದು ತಿಂಗಳ ಕೊನೆಯ ಲೆಕ್ಕ ದಾಟುವವರೆಗೂ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ಓಡುವ ವರದಿಗಳು ಆಗಲೇ ಹೊರಬರುವುದು. ತೆಗೆಯುವಾಗ ಫೋಲ್ಡರ್ ಅಳಿಸಬೇಡಿ, ಆ ಹೋಮಿನ ಒಳಗೇ ಡೀಇನ್‌ಸ್ಟಾಲ್ ಸ್ಕ್ರಿಪ್ಟ್ ಇದೆ. ಸುಮ್ನೆ ಅಳಿಸಿದರೆ ಒರಾಕಲ್ ತನ್ನ ಹೋಮುಗಳ ಪಟ್ಟಿ ಇಡುವ ಇನ್ವೆಂಟರಿಯಲ್ಲಿ ಆ ಹೆಸರು ಹಾಗೇ ಉಳಿದು, ಮುಂದಿನ ಸಲ ಇನ್‌ಸ್ಟಾಲರ್ ಇಲ್ಲದ ಮನೆಯನ್ನು ಇದೆ ಅಂತ ವಾದಿಸುತ್ತದೆ.

ಬರುವ ಭಾನುವಾರ ಅಕ್ಕನ ಸರದಿ. ಸಿಐಸಿಎಸ್ ಅನ್ನುವ ಮೈನ್‌ಫ್ರೇಮ್ ವ್ಯವಸ್ಥೆಯಲ್ಲಿ ಓಡುವ ಕೋಬಾಲ್ ಪ್ರೋಗ್ರಾಮನ್ನು ಒರಾಕಲ್‌ನಿಂದ ಕರೆಯುವ ಎಪಿಪಿಸಿ ಗೇಟ್‌ವೇ ವಿಷಯ. ಪೆನ್ಸಿಲ್ ತನ್ನಿ.