ಫುಲ್ ಟವರ್ ಕ್ಯಾಬಿನೆಟ್: ಕೊಳ್ಳುವ ಮುಂಚೆ ಅಳತೆ, ಕೊಂಡ ಮೇಲೆ ಗಾಳಿ ಮತ್ತು ಅರ್ಥಿಂಗ್

ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾನದಂಡ ಕಂಪ್ಯೂಟರ್‌ನ ಮುಖ್ಯ ಫಲಕವಾದ ಮದರ್‌ಬೋರ್ಡ್‌ನ ಅಳತೆ, ಸ್ಕ್ರೂ ತೂತುಗಳ ಜಾಗ, ಹಿಂಬದಿ ಪೋರ್ಟ್‌ಗಳ ಕಿಂಡಿ ಇವನ್ನು ಗೊತ್ತುಮಾಡಿತು. ಹೊರಗಿನ ಡಬ್ಬಿ ಎಷ್ಟು ದೊಡ್ಡದಿರಬೇಕು ಎಂದು ಅದು ಹೇಳುವುದಿಲ್ಲ. ಹಾಗಾಗಿ ‘ಫುಲ್ ಟವರ್’ (ಅತಿ ದೊಡ್ಡ ಬಗೆಯ ಡಬ್ಬಿ) ಎಂಬ ಹೆಸರನ್ನು ನಂಬಿ ಕೊಳ್ಳುವಂತಿಲ್ಲ, ಮಿಲಿಮೀಟರ್ ನೋಡಿಯೇ ಕೊಳ್ಳಬೇಕು. ಫ್ರಾಕ್ಟಲ್ ಡಿಸೈನ್‌ನ ಡಿಫೈನ್ 7 ಎಕ್ಸ್‌ಎಲ್ 604 ಮಿ.ಮೀ. ಉದ್ದ, 240 ಅಗಲ, 566 ಎತ್ತರ. ಅಂದರೆ ಸುಮಾರು 82 ಲೀಟರ್. ಕೋರ್ಸೇರ್ 1000ಡಿ ಇನ್ನೂ ದೊಡ್ಡದು, ಖಾಲಿ ಇದ್ದಾಗಲೇ 29 ಕೆ.ಜಿ. ದಾಟುತ್ತದೆ.

ಇಷ್ಟು ಜಾಗ ಯಾರಿಗೆ ಬೇಕು? ಐದಾರು 3.5 ಇಂಚಿನ ಹಾರ್ಡ್‌ಡಿಸ್ಕ್ ಹಾಕುವವರಿಗೆ, ಅಗಲವಾದ ಇ-ಎಟಿಎಕ್ಸ್ ಬೋರ್ಡ್ ಇರುವವರಿಗೆ, ನೀರಿನಿಂದ ತಂಪು ಮಾಡುವ ವ್ಯವಸ್ಥೆಯ 420 ಮಿ.ಮೀ. ರೇಡಿಯೇಟರ್ ಕೂರಿಸುವವರಿಗೆ, ಎರಡು ದಪ್ಪ ಗ್ರಾಫಿಕ್ಸ್ ಕಾರ್ಡ್ ಬಳಸುವವರಿಗೆ. ಒಂದು ಸಣ್ಣ ಮೈಕ್ರೋ ಎಟಿಎಕ್ಸ್ ಬೋರ್ಡ್, ಒಂದು ಎಸ್‌ಎಸ್‌ಡಿ ಇಟ್ಟುಕೊಂಡು ಫುಲ್ ಟವರ್ ತಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ದೊಡ್ಡ ಡಬ್ಬಿ ತಾನಾಗಿ ತಂಪಾಗಿರುತ್ತದೆ ಎಂಬ ನಂಬಿಕೆಯೂ ತಪ್ಪು. ಒಳಗೆ ಗಾಳಿಗೆ ದಾರಿ ಮಾಡಿಕೊಡದಿದ್ದರೆ ಬಿಸಿ ಅಲ್ಲಲ್ಲೇ ಸುತ್ತುತ್ತದೆ.

ಅಳತೆಯಲ್ಲಿ ಎಡವುವ ಜಾಗಗಳು

ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ. ಇ-ಎಟಿಎಕ್ಸ್ ಪೂರ್ಣ ಅಳತೆಯಲ್ಲಿ 305 × 330. ಆದರೆ ಮಾರುಕಟ್ಟೆಯಲ್ಲಿ 277 ಮಿ.ಮೀ. ಅಗಲದ ಬೋರ್ಡ್‌ಗೂ ಇ-ಎಟಿಎಕ್ಸ್ ಎಂದೇ ಹೆಸರು. ಕ್ಯಾಬಿನೆಟ್ ಪಟ್ಟಿಯಲ್ಲಿ ‘ಇ-ಎಟಿಎಕ್ಸ್ ಹಿಡಿಸುತ್ತದೆ’ ಎಂದಿದ್ದರೆ ಎಷ್ಟು ಮಿ.ಮೀ. ವರೆಗೆ ಎಂದು ಹುಡುಕಿ. 285ಕ್ಕೇ ನಿಲ್ಲುವ ಕ್ಯಾಬಿನೆಟ್‌ಗಳು ಸಾಕಷ್ಟಿವೆ. ಅಂಥದರಲ್ಲಿ 330ರ ಬೋರ್ಡ್ ಕೂರುವುದಿಲ್ಲ. ಕೂರಿಸಿದರೂ ಕೇಬಲ್ ಹೊರಬರುವ ರಬ್ಬರ್ ಕಿಂಡಿಗಳು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಗ್ರಾಫಿಕ್ಸ್ ಕಾರ್ಡ್‌ಗೆ ಕೊಟ್ಟ ಗರಿಷ್ಠ ಉದ್ದ ಸಾಮಾನ್ಯವಾಗಿ ಮುಂದೆ ರೇಡಿಯೇಟರ್ ಇಲ್ಲದಾಗಿನ ಲೆಕ್ಕ. ಪಟ್ಟಿಯಲ್ಲಿ 400 ಮಿ.ಮೀ. ಇದೆ ಎನ್ನೋಣ. ಮುಂದೆ 27 ಮಿ.ಮೀ. ರೇಡಿಯೇಟರ್, ಅದಕ್ಕೆ 25ರ ಫ್ಯಾನ್ ಹಾಕಿದರೆ 52 ಹೋಯಿತು, ಉಳಿದದ್ದು 348. ಆರ್‌ಟಿಎಕ್ಸ್ 4090 ಕಾರ್ಡ್‌ನ, ಎನ್‌ವಿಡಿಯಾ ತಾನೇ ಮಾರುವ ಫೌಂಡರ್ಸ್ ಎಡಿಷನ್ (304 ಮಿ.ಮೀ.) ಇದರಲ್ಲಿ ಕೂರುತ್ತದೆ; ಬೇರೆ ಕಂಪನಿಗಳು ಮಾಡಿದ 350 ಮೀರಿದ ಕಾರ್ಡ್‌ಗಳು ಕೂರುವುದಿಲ್ಲ. ಪಟ್ಟಿಯ ಲೆಕ್ಕದಲ್ಲಿ ಫ್ಯಾನ್ ಆಗಲೇ ಕಳೆದಿದೆಯೇ ಎಂಬುದನ್ನೂ ನೋಡಬೇಕು.

ಉದ್ದ ನೋಡಿ ಅಗಲ ಮರೆಯುವವರೇ ಹೆಚ್ಚು. ಇಂಥ ಕಾರ್ಡ್‌ಗೆ ವಿದ್ಯುತ್ ಕೊಡುವ 12ವಿಎಚ್‌ಪಿಡಬ್ಲ್ಯೂಆರ್ ಕೇಬಲ್ ಪ್ಲಗ್‌ನಿಂದ ಕನಿಷ್ಠ 35 ಮಿ.ಮೀ. ನೇರವಾಗಿ ಹೋಗಿ ಆಮೇಲೆ ಬಾಗಬೇಕು. ಗಾಜಿನ ಬಾಗಿಲು ಅದನ್ನು ಒತ್ತಿದರೆ ಪ್ಲಗ್ ಒಂದು ಬದಿಗೆ ಸಡಿಲವಾಗಿ, ಪಿನ್ ಬಿಸಿಯೇರಿ ಕರಗಬಹುದು. ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ, ನಡುವೆ ಗೆರೆಯಷ್ಟೂ ಸಂದು ಕಾಣದೆ ಕೂತಿದೆಯೇ ಎಂದು ಟಾರ್ಚ್ ಹಾಕಿ ನೋಡುವುದು ವ್ಯರ್ಥ ಕೆಲಸವಲ್ಲ.

ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಕೆಳಗಿರುತ್ತದೆ, ಪ್ರೊಸೆಸರ್‌ಗೆ ವಿದ್ಯುತ್ ತರುವ 8 ಪಿನ್ ಕಿಂಡಿ ಬೋರ್ಡ್‌ನ ನೆತ್ತಿಯಲ್ಲಿ. ದೊಡ್ಡ ಕ್ಯಾಬಿನೆಟ್‌ನಲ್ಲಿ ಬೋರ್ಡ್‌ನ ಹಿಂದಿನಿಂದ ಸುತ್ತಿ ತರಲು 70 ಸೆಂ.ಮೀ. ಕೇಬಲ್ ಇದ್ದರೆ ನೆಮ್ಮದಿ; 55ರದ್ದು ಬಿಗಿಯಾಗಿ ಎಳೆದು ಕೂರುತ್ತದೆ ಅಥವಾ ತಲುಪುವುದೇ ಇಲ್ಲ.

ಗಾಳಿಯ ದಾರಿ

ಮುಂದೆ ಮೂರು 140 ಮಿ.ಮೀ. ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಇಲ್ಲಿಂದ ಶುರು ಮಾಡಿ. ಖಾಲಿ ಹಾರ್ಡ್‌ಡಿಸ್ಕ್ ಗೂಡುಗಳನ್ನು ಬಿಚ್ಚಿಡಿ, ಅವು ಗಾಳಿಗೆ ಅಡ್ಡ. ಛಾವಣಿಯ ಮುಂಭಾಗದ ಜಾಲರಿ ತೆರೆದಿದ್ದರೆ ಮುಂದಿನಿಂದ ಬಂದ ತಣ್ಣನೆ ಗಾಳಿ ಪ್ರೊಸೆಸರ್ ಮುಟ್ಟುವ ಮೊದಲೇ ಮೇಲಕ್ಕೆ ಹೋಗಿಬಿಡುತ್ತದೆ. ಆ ಭಾಗವನ್ನು ಮುಚ್ಚಿ.

ಒಳಗಿನ ಒತ್ತಡ ಪರೀಕ್ಷಿಸಲು ಒಂದು ಊದುಬತ್ತಿ ಸಾಕು. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಂಪ್ಯೂಟರ್ ಎಂದಿನ ಕೆಲಸ ಮಾಡುತ್ತಿರುವಾಗ ಹಿಂಬದಿಯಲ್ಲಿ ಕಾರ್ಡ್ ಕೂರಿಸುವ ಸ್ಲಾಟ್‌ಗಳ ತೂತುಗಳ ಬಳಿ ಹೊಗೆ ಹಿಡಿಯಿರಿ. ಹೊಗೆ ಹೊರಕ್ಕೆ ತಳ್ಳಿದರೆ ಸರಿ. ಒಳಕ್ಕೆ ಎಳೆದರೆ, ಫಿಲ್ಟರ್ ಇಲ್ಲದ ಆ ಸಂದುಗಳಿಂದಲೇ ದೂಳೂ ಒಳಗೆ ಹೋಗುತ್ತಿದೆ ಎಂದರ್ಥ; ಹೊರತಳ್ಳುವ ಫ್ಯಾನ್‌ನ ವೇಗ ತಗ್ಗಿಸಿ. ಇನ್ನೊಂದು ಪರೀಕ್ಷೆ: ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಉಷ್ಣತೆ ಬರೆದುಕೊಳ್ಳಿ, ಪಕ್ಕದ ಬಾಗಿಲು ತೆಗೆದು ಮತ್ತೆ ನೋಡಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ಒಳಬರುವ ಗಾಳಿ ಸಾಲದು.

ಕೋಣೆಯ ಬಿಸಿ ಏರಿದಷ್ಟೂ ಒಳಗಿನದೂ ಏರುತ್ತದೆ. 25 ಡಿಗ್ರಿ ಕೋಣೆಯಲ್ಲಿ 70ರಲ್ಲಿದ್ದ ಪ್ರೊಸೆಸರ್, 40ರ ಕೋಣೆಯಲ್ಲಿ ಹೆಚ್ಚುಕಡಿಮೆ 85ಕ್ಕೆ ಬರುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಮುಂಭಾಗ ಮುಚ್ಚಿದ, ಸದ್ದು ತಡೆಯುವ ಕ್ಯಾಬಿನೆಟ್‌ಗಿಂತ ಜಾಲರಿ ಮುಖದ್ದೇ ಮೇಲು.

ಮದರ್‌ಬೋರ್ಡ್‌ನ ಫ್ಯಾನ್ ಹೆಡರ್ (ಫ್ಯಾನ್ ತಂತಿ ಚುಚ್ಚುವ ಪಿನ್‌ಗಳು) ಸಾಮಾನ್ಯವಾಗಿ 1 ಆಂಪಿಯರ್ ಮಾತ್ರ ಕೊಡುತ್ತದೆ. 0.25 ಆಂಪಿಯರ್‌ನ ನಾಲ್ಕು ಫ್ಯಾನ್‌ಗೆ ಅದು ಮುಗಿಯಿತು. ಅದಕ್ಕೂ ಹೆಚ್ಚಿದ್ದರೆ ಸಾಟಾ ಕೇಬಲ್‌ನಿಂದ ವಿದ್ಯುತ್ ಪಡೆಯುವ ಫ್ಯಾನ್ ಹಬ್ ಹಾಕಿ.

ಹಾರ್ಡ್‌ಡಿಸ್ಕ್‌ಗಳು ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ ತಲಾ 2 ಆಂಪಿಯರ್‌ನಷ್ಟು ಕೇಳುತ್ತವೆ. ಎಂಟಿದ್ದರೆ 16 ಆಂಪಿಯರ್, ಅಂದರೆ 192 ವ್ಯಾಟ್. ಆದ್ದರಿಂದ ಎಂಟನ್ನೂ ಒಂದೇ ಕೇಬಲ್‌ಗೆ ಸರಪಳಿ ಕಟ್ಟಬೇಡಿ, ಒಂದಕ್ಕೆ ನಾಲ್ಕರಂತೆ ಹಂಚಿ.

ಜೋಡಿಸುವಾಗ

ಎಟಿಎಕ್ಸ್ ಬೋರ್ಡ್‌ಗೆ ಸಾಮಾನ್ಯವಾಗಿ ಒಂಬತ್ತು ತೂತು, ಒಂಬತ್ತೇ ಸ್ಟ್ಯಾಂಡಾಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಸಣ್ಣ ಲೋಹದ ಕಂಬ). ಬೇರೆ ಅಳತೆಯ ಬೋರ್ಡ್‌ಗಾಗಿ ಹಾಕಿದ್ದ ಹಿತ್ತಾಳೆ ಸ್ಟ್ಯಾಂಡಾಫ್ ಒಂದು ಹಾಗೇ ಉಳಿದರೆ, ಅದು ಬೋರ್ಡ್‌ನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ: ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಅದುರಿ ನಿಲ್ಲುತ್ತದೆ, ಮತ್ತೇನೂ ಇಲ್ಲ. ಬೋರ್ಡ್ ಇಳಿಸುವ ಮುಂಚೆ ತೂತಿಗೂ ಸ್ಟ್ಯಾಂಡಾಫ್‌ಗೂ ಒಂದೊಂದಾಗಿ ತಾಳೆ ನೋಡಿ.

ಟೆಂಪರ್ಡ್ ಗಾಜಿನ ಬಾಗಿಲನ್ನು ಟೈಲ್ಸ್ ನೆಲದ ಮೇಲೆ ಅಂಚಿನಲ್ಲಿ ನಿಲ್ಲಿಸಬೇಡಿ. ಗಾಜಿನ ಮುಖ ಗಟ್ಟಿ, ಅಂಚೇ ಅದರ ಮರ್ಮಸ್ಥಾನ. ಟೈಲ್ಸ್‌ಗೆ ಅಂಚು ತಾಗಿದರೆ ಒಳಗೆ ಹಿಡಿದಿಟ್ಟ ಬಿಗಿತ ಬಿಚ್ಚಿ ಇಡೀ ಹಲಗೆ ಹರಳು ಹರಳಾಗಿ ಉದುರುತ್ತದೆ. ಹಾಸಿಗೆಯ ಮೇಲೆ ಮಲಗಿಸಿಡಿ.

ಮುಟ್ಟಿದರೆ ಜುಮ್ಮೆನ್ನುವುದು

ಈ ವಿಷಯವನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ವಿದ್ಯುತ್ ಗದ್ದಲ ಸೋಸಲು. ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿದ್ದರೆ ಇವೆರಡರ ನಡುವೆ ಸಿಕ್ಕ ಕ್ಯಾಬಿನೆಟ್ 230ರ ಅರ್ಧ, ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟ್ ಅತ್ಯಲ್ಪ, ಆದರೂ ಬರಿಗಾಲಲ್ಲಿ ಹಿಂಬದಿ ಸ್ಕ್ರೂ ಮುಟ್ಟಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ದೀಪ ಹೊತ್ತುತ್ತದೆ. ನಿಜವಾದ ಅಪಾಯ ಬೇರೆ: ಒಳಗೆ ಫೇಸ್ ತಂತಿಯೇ ಲೋಹಕ್ಕೆ ತಾಗಿದ ದಿನ ಆ ಕರೆಂಟ್ ಹರಿದುಹೋಗಲು ದಾರಿ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ರಿಂದ ಅಳೆಸಿ: ಫೇಸ್–ಅರ್ಥ್ ನಡುವೆ ಸುಮಾರು 230, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಅರ್ಥ್ ಪಿನ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಮನೆಯಲ್ಲಿ

ನೆಲ ಒರೆಸುವ ನೀರಿಗೆ ತಾಗದಂತೆ ಚಕ್ರವಿರುವ ಸ್ಟ್ಯಾಂಡ್ ಮೇಲಿಡಿ; ಗೋಡೆಯಿಂದ ಒಂದು ಗೇಣು ದೂರ ಇರಲಿ. ಖಾಲಿ ಸ್ಲಾಟ್‌ಗಳ ತಗಡು ಕಳೆದುಹೋಗಿದ್ದರೆ ಹೊಸದು ಹಾಕಿ. ಆ ಕಿಂಡಿ ಹಲ್ಲಿಗೂ ಇಲಿಮರಿಗೂ ಸಾಕು, ಇಲಿ ಕಡಿದ ಕೇಬಲ್ ಹೊರಗಿನಿಂದ ಕಾಣುವುದೇ ಇಲ್ಲ. ಮುಂದಿನ ಫಿಲ್ಟರ್ ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಎಸ್‌ಎಂಪಿಎಸ್ ಅಡಿಯಲ್ಲೂ ಒಂದು ಫಿಲ್ಟರ್ ಇರುತ್ತದೆ, ಅದನ್ನೂ ಎಳೆದು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊಳ್ಳಿ, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳು.

ಮನೆ ಬದಲಿಸುವಾಗ ಗ್ರಾಫಿಕ್ಸ್ ಕಾರ್ಡ್ ಮತ್ತು ದೊಡ್ಡ ಏರ್ ಕೂಲರ್ ಬಿಚ್ಚಿ ಅವುಗಳ ಪೆಟ್ಟಿಗೆಯಲ್ಲೇ ಒಯ್ಯಿರಿ. ಎರಡು ಕೆ.ಜಿ. ದಾಟುವ ಕಾರ್ಡ್ ಸ್ಲಾಟ್‌ನಲ್ಲೇ ತೂಗುತ್ತಾ ಲಾರಿಯ ಕುಲುಕಾಟಕ್ಕೆ ಸಿಕ್ಕಿದರೆ ಸ್ಲಾಟ್ ಕಿತ್ತು ಬರುತ್ತದೆ. ಕ್ಯಾಬಿನೆಟ್ ಎತ್ತಲು ಇಬ್ಬರಿರಲಿ, ಕೈ ತಳದ ಚೌಕಟ್ಟಿಗೆ ಹಾಕಿ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹಿಡಿದು ಎತ್ತಿದರೆ ಮುಚ್ಚಳ ಮಾತ್ರ ಕೈಗೆ ಬರುತ್ತದೆ.