ಸೋತ ಊರಿನವರು ಎಲ್ಲಿಗೆ ಹೋಗಬೇಕು? ರಾಬರ್ಟ್ ಕಾರ್ನೇರೊ ಟಿಪ್ಪಣಿ

ಮಾನವಶಾಸ್ತ್ರದಲ್ಲಿ ರಾಜ್ಯದ ಹುಟ್ಟಿನ ಪಾಠ ಬಂದರೆ ಅಮೆರಿಕದ ಮಾನವಶಾಸ್ತ್ರಜ್ಞ ಕಾರ್ನೇರೊ ಹೆಸರು ಬಂದೇ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ: ಯುದ್ಧದಿಂದ ರಾಜ್ಯ ಹುಟ್ಟಿತು ಎಂದವರು. ಅಷ್ಟೇ ಬರೆದರೆ ಮುಖ್ಯ ವಿಷಯವೇ ಬಿಟ್ಟುಹೋಗುತ್ತದೆ. ಯುದ್ಧ ಎಲ್ಲ ಕಡೆ ಇತ್ತು, ರಾಜ್ಯ ಮಾತ್ರ ಕೆಲವೇ ಕಡೆ ಹುಟ್ಟಿತು. ಯಾಕೆ? ಅವರ ಪ್ರಶ್ನೆ ಇದು.

ವೃತ್ತಿಜೀವನದ ವಿವರ ಜಾಸ್ತಿ ಬೇಡ. ಹುಟ್ಟಿದ್ದು 1927ರಲ್ಲಿ, ನ್ಯೂಯಾರ್ಕಿನಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಲೆಸ್ಲಿ ವೈಟ್ ಅವರ ಶಿಷ್ಯ. 1957ರಲ್ಲಿ ಪಿಎಚ್‌ಡಿ ಮುಗಿಯಿತು. ಅದೇ ವರ್ಷ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿದರು, ವೃತ್ತಿ ಪೂರ್ತಿ ಅಲ್ಲೇ ಕಳೆದರು. ತೀರಿಕೊಂಡದ್ದು 2020ರಲ್ಲಿ.

ನೆನಪಿಡಬೇಕಾದ್ದು ಅವರ ಕ್ಷೇತ್ರಕಾರ್ಯ. 1953–54ರಲ್ಲಿ ಬ್ರೆಜಿಲಿನ ಶಿಂಗು ನದಿಯ ಮೇಲ್ಭಾಗದ ಕುಯಿಕುರು ಜನರ ಜೊತೆ ಇದ್ದರು. ಸುಮಾರು 145 ಜನರ ಒಂದೇ ಊರು. ಕಾಡು ಕಡಿದು ಸುಟ್ಟು ಮರಗೆಣಸು ಬೆಳೆಯುತ್ತಿದ್ದರು, ನಮ್ಮ ಕಡೆಯ ಕುಮರಿ ಬೇಸಾಯದ ಹಾಗೆ. ಕಾರ್ನೇರೊ ಗಂಟೆ ಲೆಕ್ಕ ಹಾಕಿದರು. ಒಬ್ಬ ಗಂಡಸಿಗೆ ತೋಟಕ್ಕೆ, ಮೀನಿಗೆ ಸೇರಿ ದಿನಕ್ಕೆ ಸುಮಾರು ಮೂರೂವರೆ ಗಂಟೆ ಕೆಲಸ. ಬೇಕಿದ್ದರೆ ಇನ್ನೂ ಎಷ್ಟೋ ಬೆಳೆಯಬಹುದಿತ್ತು, ಬೆಳೆಯಲಿಲ್ಲ. ಆಗ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ವಾದ ಜೋರಾಗಿತ್ತು: ಬೇಸಾಯ ಬಂತು, ಮಿಗುತಾಯ (ತಿಂದು ಮಿಕ್ಕುವ ಬೆಳೆ) ಬಂತು, ತಾನಾಗಿ ಕುಶಲಕರ್ಮಿಗಳೂ ರಾಜ್ಯವೂ ಬಂದವು. ಕುಯಿಕುರು ಊರು ನೋಡಿದ ಮೇಲೆ ಆ "ತಾನಾಗಿ" ನಿಲ್ಲುವುದಿಲ್ಲ. ಮೈಮುರಿದು ಜಾಸ್ತಿ ಬೆಳೆಯಿರಿ ಎಂದು ಹೇಳುವ, ಹೇಳಿ ಮಾಡಿಸುವ ಒಬ್ಬ ಯಜಮಾನ ಬೇಕು. ಅವನು ಎಲ್ಲಿಂದ ಬಂದ?

ಉತ್ತರ 1970ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನದಲ್ಲಿದೆ. ಸರ್ಕಮ್‌ಸ್ಕ್ರಿಪ್ಷನ್ ಸಿದ್ಧಾಂತ ಎಂದು ಓದುತ್ತೇವಲ್ಲ, ಅದು. ಸರಳವಾಗಿ ಹೇಳಿದರೆ, ಹೊರಗೆ ಹೋಗಲು ದಾರಿಯಿಲ್ಲದ ಹಾಗೆ ಸುತ್ತ ತಡೆ ಇರುವುದು. ಎರಡು ಜಾಗ ಹೋಲಿಸಿ ನೋಡಿ. ಅಮೆಜಾನ್ ಕಾಡಿನಲ್ಲಿ ಊರು ಊರು ಹೊಡೆದಾಡಿದರೆ ಸೋತವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಿ ಕಾಡು ಕಡಿದರಾಯಿತು. ಗೆದ್ದವನಿಗೆ ಹೆಸರು ಸಿಕ್ಕೀತು, ಆಳಲು ಜನ ಸಿಗುವುದಿಲ್ಲ. ಪೆರುವಿನ ಕರಾವಳಿಯಲ್ಲಿ ಹಾಗಲ್ಲ. ಸಣ್ಣ ಸಣ್ಣ ನದಿ ಕಣಿವೆಗಳು, ಹಿಂದೆ ಪರ್ವತ, ಮುಂದೆ ಸಮುದ್ರ, ಎರಡೂ ಪಕ್ಕ ಮರುಭೂಮಿ. ಜನ ಹೆಚ್ಚಾದ ಮೇಲೆ ಜಗಳ ಜಮೀನಿಗಾಗಿ. ಸೋತವರು ಗೆದ್ದವರಿಗೆ ಕಪ್ಪ ಕೊಟ್ಟುಕೊಂಡು ಅಲ್ಲೇ ಇರಬೇಕು. ಕಪ್ಪ ಕೊಡಲು ಮಿಗುತಾಯ ಬೆಳೆಯಲೇಬೇಕು.

ಅಸಮಾನತೆ ಹುಟ್ಟುವುದೂ ಇಲ್ಲೇ. ಸೆರೆಸಿಕ್ಕವರು ಆಳುಗಳಾದರು, ಜಮೀನು ಕಳೆದುಕೊಂಡವರೂ ಅವರ ಸಾಲಿಗೇ ಬಂದರು. ಮುಖ್ಯಸ್ಥನ ನೆಂಟರು, ಚೆನ್ನಾಗಿ ಕಾದಾಡಿದವರು ಮೇಲೆ ಕುಳಿತರು. ಮೊದಲು ಹಲವು ಊರಿಗೆ ಒಬ್ಬ ಮುಖ್ಯಸ್ಥ, ಆಮೇಲೆ ರಾಜ್ಯ.

ಸುತ್ತ ಮರುಭೂಮಿಯೇ ಇರಬೇಕೆಂದಿಲ್ಲ, ಜನರೂ ಗೋಡೆಯಾಗಬಹುದು. ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ನಡುವಿನ ಊರುಗಳಿಗೆ ಎಲ್ಲ ಕಡೆ ಬೇರೆ ಊರುಗಳೇ. ಅಲ್ಲಿ ಕಾದಾಟ ಜಾಸ್ತಿ, ಊರು ದೊಡ್ಡದು, ಮುಖಂಡನ ಮಾತಿಗೆ ತೂಕ ಜಾಸ್ತಿ.

ಈಗ ನಮ್ಮ ಕರಾವಳಿಗೆ ಬನ್ನಿ. ಕಾರವಾರದಿಂದ ಭಟ್ಕಳದ ಕಡೆ ಹೊರಟರೆ ಬಲಕ್ಕೆ ಸಮುದ್ರ, ಎಡಕ್ಕೆ ಗುಡ್ಡ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಣಿವೆಗಳು. ನಕ್ಷೆಯಲ್ಲಿ ಪೆರುವಿನದೇ ತಮ್ಮ. ಗದ್ದೆ ಜಾಗಕ್ಕೆ ಇಲ್ಲಿ ಎಷ್ಟು ಒದ್ದಾಟ ಎಂದರೆ ಅಘನಾಶಿನಿ ಅಳಿವೆಯಲ್ಲಿ ಕಟ್ಟೆ ಹಾಕಿ ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಮಾಡಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದಿದ್ದಾರೆ. ಜಾಗ ಸಾಲದಾದಾಗ ಮೊದಲು ಇದ್ದ ನೆಲವನ್ನೇ ದುಡಿಸುತ್ತಾರೆ ಎಂದು ಕಾರ್ನೇರೊ ಹೇಳುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೂ ನನ್ನ ಪ್ರಕಾರ ಸಿದ್ಧಾಂತ ಇಲ್ಲಿ ಪೂರ್ತಿ ಕೂರುವುದಿಲ್ಲ. ಸಹ್ಯಾದ್ರಿ ಮರುಭೂಮಿ ಅಲ್ಲ. ಘಟ್ಟ ಹತ್ತಿದರೆ ನೀರಿದೆ, ಕುಮರಿಗೆ ಕಾಡಿದೆ. ಸಮುದ್ರವೂ ಗೋಡೆಯಲ್ಲ, ದೋಣಿ ಇದ್ದವರಿಗೆ ದಾರಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರು. ಅಲ್ಲಿ ಬಲ ಬಂದದ್ದು ವ್ಯಾಪಾರದಿಂದ. ವ್ಯಾಪಾರಕ್ಕೆ ಈ ಸಿದ್ಧಾಂತದಲ್ಲಿ ಜಾಗ ಕಡಿಮೆ.

ಬಾಗಿಲು ಮುಚ್ಚಿದ್ದು ಬೇರೆ ರೀತಿಯಲ್ಲಿ. 19ನೇ ಶತಮಾನದಲ್ಲಿ ಬ್ರಿಟಿಷರು ಕೆನರಾದ ಕಾಡಿನಲ್ಲಿ ಕುಮರಿಗೆ ಕಡಿವಾಣ ಹಾಕಿದರು. ಹೊಸ ಕಾಡಿಗೆ ಹೋಗುವ ದಾರಿ ತಪ್ಪಿದ ಮೇಲೆ ಕೂಲಿಯೋ ಗೇಣಿಯೋ ಮಾಡಬೇಕು, ಅಲ್ವಾ? ಇಲ್ಲಿ ಗೋಡೆ ಕಟ್ಟಿದ್ದೇ ಸರಕಾರ. ಕಾರ್ನೇರೊ ಹೇಳಿದ್ದರ ತಲೆಕೆಳಗು.

ಬನವಾಸಿಯನ್ನು ಮಾತ್ರ ಉದಾಹರಣೆ ಕೊಡಬೇಡಿ. 4ನೇ ಶತಮಾನದಲ್ಲಿ ಮಯೂರಶರ್ಮ ರಾಜ್ಯ ಕಟ್ಟುವಾಗ ಕಂಚಿಯಲ್ಲಿ ಪಲ್ಲವರು ಆಗಲೇ ಆಳುತ್ತಿದ್ದರು. ಈ ಸಿದ್ಧಾಂತ ಇರುವುದು ಬೇರೆ ರಾಜ್ಯದ ನೆರಳಿಲ್ಲದೆ ಮೊದಲ ಸಲ ಹುಟ್ಟಿದ ರಾಜ್ಯಗಳಿಗೆ.

ವಿಟ್‌ಫೋಗೆಲ್ ನೀರಾವರಿ ವಾದದ (ದೊಡ್ಡ ಕಾಲುವೆ ಕಟ್ಟಿ ನಡೆಸಲು ರಾಜ್ಯ ಹುಟ್ಟಿತು ಎಂಬ ವಾದ) ಜೊತೆ ಹೋಲಿಸಿ ಎಂದು ಕೇಳಿದರೆ, ದೊಡ್ಡ ಕಾಲುವೆಗಳಿಗಿಂತ ಮೊದಲೇ ರಾಜ್ಯ ಇತ್ತು ಎಂಬ ಕಾರ್ನೇರೊ ಆಕ್ಷೇಪ ಬರೆಯಿರಿ. 2012ರಲ್ಲಿ ಅವರೇ ಸಿದ್ಧಾಂತವನ್ನು ತಿದ್ದಿ ಬರೆದದ್ದನ್ನೂ ಸೇರಿಸಿ. ಯುದ್ಧಕ್ಕೆಂದು ಹಲವು ಊರು ಸೇರಿ ಆರಿಸಿದ ನಾಯಕ, ಯುದ್ಧ ಮುಗಿದ ಮೇಲೂ ಅಧಿಕಾರ ಬಿಟ್ಟುಕೊಡದೆ ಕೂರುವುದಕ್ಕೆ ಅದರಲ್ಲಿ ಹೆಚ್ಚು ಒತ್ತು ಕೊಟ್ಟಿದ್ದಾರೆ.